ಹಳೆಯ ಅಂಚಿನ ವಾಸನೆ

ಹದಿನೈದು ದಿನ ಬಿಡದೆ ಬೀಸಿದ ಒಣಗಾಳಿ ಆ ಬೆಳಿಗ್ಗೆ ನಿಂತುಬಿಟ್ಟಿತ್ತು. ಮಳೆ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಆದರೆ ಮುಂಜಾವಿನ ಮಂಜು ಬೀದಿಯ ಕಲ್ಲುಗಳ ಮೇಲೆ, ಬಾಗಿಲುಗಳ ಬೀಗದ ಮೇಲೆ, ನಿಲ್ಲಿಸಿದ ಸೈಕಲ್ಲುಗಳ ಸೀಟಿನ ಮೇಲೆ ತೆಳ್ಳಗೆ ಕೂತಿತ್ತು. ಯಾರೋ ಒದ್ದೆ ಬಟ್ಟೆ ಹಿಡಿದು ಊರನ್ನೆಲ್ಲ ಒಂದು ಸಲ ಒರೆಸಿ, ಒಣಗಿಸುವುದನ್ನು ಮರೆತು ಹೋದ ಹಾಗೆ. ರಟ್ಟಿನಕ್ಕ ಅಂಗಡಿಯ ಬಾಗಿಲು ತೆರೆದಾಗ ಒಳಗಿನ ವಾಸನೆ ಎದ್ದು ಬಂದು ಮುಖಕ್ಕೆ ತಾಗಿತು. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕೆಲಸ. ಅದರಿಂದಾಗಿ ಬೀದಿಗೆಲ್ಲ ಅವಳು ರಟ್ಟಿನಕ್ಕ, ಬಾಯಿತಪ್ಪಿ ಒಮ್ಮೊಮ್ಮೆ ಗಂಡನಿಗೂ. ಬಿಸಿಲಿನ ದಿನಗಳಲ್ಲಿ ಕಾಗದ ಬಾಯಿ ಬಿಡುವುದಿಲ್ಲ, ಗಾಳಿಗೆ ತೇವ ಬಂದಾಗ ಮಾತ್ರ ತನ್ನ ಹೊಟ್ಟೆಯಲ್ಲಿರುವುದನ್ನು ಹೇಳುತ್ತದೆ ಎಂದು ಮಾವ ಹೇಳಿಕೊಟ್ಟಿದ್ದರು. ಅವಳು ಹೊಸ್ತಿಲಲ್ಲೇ ನಿಂತು ಉಸಿರೆಳೆದುಕೊಂಡಳು. ಎಂದಿನ ದಿನವಾಗಿದ್ದರೆ ಅದು ಸುಖದ ಉಸಿರು. ಇವತ್ತು ಅದು ಲೆಕ್ಕಾಚಾರದ ಉಸಿರಾಗಿತ್ತು, ಬೇಟೆಗೆ ಹೊರಟ ಪ್ರಾಣಿಯ ಉಸಿರಿನಂತೆ, ಮತ್ತು ಅದಕ್ಕಾಗಿ ಅವಳಿಗೆ ಒಳಗೇ ನಾಚಿಕೆಯಾಯಿತು.

ಗೋಡೆಗೆ ಒರಗಿಸಿದ್ದ ನಾಲ್ಕು ಗೋಣಿಚೀಲಗಳಲ್ಲಿ ಮೂರು ವಾರದ ಕತ್ತರಿಕೆ ತುಂಬಿತ್ತು. ಪುಸ್ತಕ ಹೊಲಿದು, ಬೆನ್ನಿಗೆ ಅಂಟು ಬಳಿದು, ಯಂತ್ರದಲ್ಲಿ ಒತ್ತಿ ಹಿಡಿದು ಮೂರೂ ಕಡೆ ಅಂಚು ಕತ್ತರಿಸಿದರೆ ಎಂಥ ಹಳೆಯ ಪುಸ್ತಕವೂ ಕ್ಷೌರ ಮಾಡಿಸಿಕೊಂಡವರಂತೆ ಕಾಣುತ್ತದೆ. ಆ ಕ್ಷೌರದ ಕೂದಲು ಇದು. ಮಧ್ಯಾಹ್ನ ರದ್ದಿಯವನು ಬರುತ್ತಾನೆ, ನಾಲ್ಕನ್ನೂ ಗಾಡಿಗೆ ಹಾಕಿಕೊಂಡು ಹೋಗುತ್ತಾನೆ, ಸಂಜೆಯೊಳಗೆ ಎಲ್ಲವೂ ಕಾಗದದ ಕಾರ್ಖಾನೆಯ ತೊಟ್ಟಿಯಲ್ಲಿ ಗಂಜಿಯಾಗುತ್ತದೆ. ಆ ನಾಲ್ಕು ಚೀಲಗಳಲ್ಲಿ ಎಲ್ಲೋ ಒಂದು ಕಡೆ ಎರಡು ಬೀದಿಯಾಚೆಯ ಹಿರಿಯಾಕೆ ದಾದಮ್ಮನ ಪ್ರಾರ್ಥನೆಯ ಪುಸ್ತಕದಿಂದ ಅವಳು ಕತ್ತರಿಸಿ ತೆಗೆದ, ಪೆನ್ಸಿಲ್ ಬರಹವಿದ್ದ ಅಂಚು ಇತ್ತು. ಅದು ಸಿಗಬೇಕು, ಮಧ್ಯಾಹ್ನದೊಳಗೆ ಸಿಗಬೇಕು. ಸಿಕ್ಕರೂ ಸಿಗದಿದ್ದರೂ ಇವತ್ತೇ ಹೋಗಿ ಹೇಳಬೇಕು, ಏಕೆಂದರೆ ನಾಳೆ ಬೆಳಿಗ್ಗೆ ದಾದಮ್ಮನಿಗೆ ಕಣ್ಣಿನ ಆಪರೇಷನ್.

ಮೊದಲ ಚೀಲದ ಬಾಯಿ ಬಿಚ್ಚಿ ನೆಲದ ಮೇಲೆ ಹಳೆಯ ಚಾದರ ಹಾಸಿಕೊಂಡು ಕೂತಳು. ಒಂದೊಂದು ಹಿಡಿ ತೆಗೆಯುವುದು, ಮೂಗಿಗೆ ತರುವುದು, ಪಕ್ಕಕ್ಕಿಡುವುದು. ಕಣ್ಣಿಗೆ ಎಲ್ಲವೂ ಒಂದೇ. ಆ ಪುಸ್ತಕ ಕತ್ತರಿಸಿದ ವಾರವೇ ಲೈಬ್ರರಿಯಿಂದ ಬಂದಿದ್ದ ಮೂವತ್ತು ಹಳೆಯ ಸಂಪುಟಗಳನ್ನೂ ಕತ್ತರಿಸಿದ್ದಳು; ಎಲ್ಲದರ ಅಂಚೂ ಅದೇ ಹಳದಿ, ಅದೇ ಬೆರಳಗಲ, ಸಾವಿರಾರು ಪಟ್ಟಿಗಳು, ಕಸಬರಿಗೆಯಲ್ಲಿ ಗುಡಿಸಿ ಕಾಲಲ್ಲಿ ತುಳಿದು ತುಂಬಿದ್ದು. ಒಂದೊಂದನ್ನೂ ಬಿಡಿಸಿ ಪೆನ್ಸಿಲ್ ಗುರುತು ಹುಡುಕುತ್ತ ಕೂತರೆ ತಿಂಗಳು ಬೇಕು. ಆದರೆ ಮೂಗಿಗೆ ಎರಡು ಪುಸ್ತಕ ಯಾವತ್ತೂ ಒಂದಲ್ಲ. ಲೈಬ್ರರಿಯ ಪುಸ್ತಕಕ್ಕೆ ನೂರು ಕೈಗಳ ಬೆವರು, ಕಬ್ಬಿಣದ ಕಪಾಟು, ಮೂಲೆಯಲ್ಲಿ ಕೂತು ಹಾಳಾದ ತೇವ. ಕಚೇರಿಯ ದಫ್ತರಕ್ಕೆ ಧೂಳು ಮತ್ತು ಇಲಿ. ಹಾಡಿನ ಪುಸ್ತಕಕ್ಕೆ ಎಣ್ಣೆದೀಪದ ಹೊಗೆ. ದಾದಮ್ಮನ ಪುಸ್ತಕ ಮೊದಲ ದಿನ ಕೈಗೆ ಬಂದಾಗ ಅವಳು ಅದನ್ನು ತೆರೆಯುವ ಮೊದಲು ಮೂಸಿದ್ದಳು: ಕೈತೊಳೆಯುವ ಸಾಬೂನು, ಸ್ಪಿರಿಟ್ಟು, ನುಸಿಗುಳಿಗೆ, ಅವುಗಳ ಕೆಳಗೆ ಒಣಹುಲ್ಲಿನ ಮೆದೆಯೊಳಗೆ ಕೈಯಿಟ್ಟಾಗ ಸಿಗುವ ಬೆಚ್ಚಗಿನ ಹಳತು. ದೇವರ ಪುಸ್ತಕಕ್ಕೆ ಆಸ್ಪತ್ರೆಯ ಮೈವಾಸನೆ ಎಂದುಕೊಂಡಿದ್ದಳು.

ಆ ಪುಸ್ತಕ ಯಾವಾಗಲೋ ನೀರು ಕುಡಿದು ಹೊರ ಅಂಚು ಉಬ್ಬಿತ್ತು. ಉಬ್ಬಿದ್ದನ್ನು ದಾಟಿ ಕತ್ತರಿಸಬೇಕು, ಬೆರಳಗಲ ಹೋಗುತ್ತದೆ, ಹೋಗಲಿ, ಪಕ್ಕದಲ್ಲಿ ಬಿಳಿ ಜಾಗ ಬೇಕಾದಷ್ಟಿದೆ ಎಂದು ಅಂದಾಜು ಮಾಡಿದ್ದಳು. ಕತ್ತಿ ಇಳಿಸುವ ಮೊದಲು ಪ್ರತಿ ಹಾಳೆಯ ತುದಿಯವರೆಗೂ ಬಿಡಿಸಿ ನೋಡಬೇಕು ಎನ್ನುವುದು ಈ ಅಂಗಡಿಯ ಕಟ್ಟಳೆ. ಮಾವ ಅದನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದರು, ಮೂವತ್ತು ವರ್ಷದಿಂದ ಅವಳು ಪಾಲಿಸುತ್ತಿದ್ದಳು. ಅವತ್ತು ಪಾಲಿಸಲಿಲ್ಲ. ಅವತ್ತು ಶಾಲೆಯ ಹೊಸ ಪುಸ್ತಕಗಳ ಕಟ್ಟು ಬಂದಿತ್ತು, ಅಚ್ಚಿನ ಮನೆಯಿಂದ ನೇರವಾಗಿ, ಮಸಿ ಇನ್ನೂ ಕೈಗೆ ಹತ್ತುವಂಥವು. ಹೊಸ ಪುಸ್ತಕದ ವಾಸನೆ ಬೇರೆಯೇ ಲೋಕ. ಅದರಲ್ಲಿ ಸೀಮೆಎಣ್ಣೆ ಇದೆ, ಆಗ ತಾನೇ ಸುಣ್ಣ ಬಳಿದ ಗೋಡೆ ಇದೆ, ಎಲ್ಲಕ್ಕೂ ಕೆಳಗೆ ಎಳೆ ಮರವನ್ನು ಸೀಳಿದಾಗಿನ ಹಸಿ ಇದೆ. ಯಾರೂ ಇನ್ನೂ ಓದಿಲ್ಲದ, ಯಾರ ತಪ್ಪೂ ಇನ್ನೂ ಅಂಟಿಲ್ಲದ ವಾಸನೆ. ಎಡಗೈಯಲ್ಲಿ ಅಂಥದೊಂದು ಪುಸ್ತಕ ಅಗಲಿಸಿ ಮುಖಕ್ಕೆ ಮುಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಬಲಗೈ ಯಂತ್ರದ ಹಿಡಿಯ ಮೇಲಿತ್ತು. ಬಲಗೈ ತನ್ನ ಪಾಡಿಗೆ ಹಿಡಿಯನ್ನು ಎಳೆಯಿತು.

ಏಳನೆಯ ವಯಸ್ಸಿನಲ್ಲೂ ಹೀಗೇ ನಿಂತಿದ್ದಳು, ಮುಖ ಪುಸ್ತಕದೊಳಗೆ. ಟೀಚರು ಪಾಠ ನಿಲ್ಲಿಸಿದ್ದು ಗೊತ್ತಾಗಿರಲಿಲ್ಲ. "ನೋಡಿ ಮಕ್ಕಳೇ, ನಮ್ಮ ತರಗತಿಗೆ ಒಂದು ಕರು ಬಂದಿದೆ, ಹುಲ್ಲು ಹಾಕಿ" ಅಂದರು. ನಲವತ್ತು ಮಕ್ಕಳು ಒಟ್ಟಿಗೆ ಅಂಬಾ ಎಂದವು. ಅವಳು ಅಳಲಿಲ್ಲ; ಪುಸ್ತಕವನ್ನು ಇನ್ನೊಂದಿಷ್ಟು ಹತ್ತಿರ ಎಳೆದುಕೊಂಡು ಅದರೊಳಗೇ ಅಡಗಿದಳು. ಒಳಗೆ ತಂಪಾಗಿತ್ತು. ಅಲ್ಲಿಂದ ಮುಂದೆ ಕದ್ದು ಮೂಸುವುದು ಅಭ್ಯಾಸವಾಯಿತು, ಕೆಲವರು ಕದ್ದು ಬೆಲ್ಲ ತಿಂದ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನಿಗೆ ಊಟದ ಡಬ್ಬಿ ತಂದುಕೊಟ್ಟು, ಅವರು ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಎತ್ತಿ ಮೂಗಿಗೆ ಹಿಡಿದಿದ್ದಳು. ತಿರುಗಿದರೆ ಮಾವ ಒದ್ದೆ ಕೈಯಲ್ಲಿ ಬಾಗಿಲಲ್ಲೇ ನಿಂತಿದ್ದರು. ಬೈಗುಳಕ್ಕೆ ಕಾಯುತ್ತ ನಿಂತವಳಿಗೆ ಅವರು ಕೇಳಿದ್ದು ಒಂದೇ, "ಏನು ಅಂಟು ಅದು?" "ಮೈದಾ ಹಿಟ್ಟಿನದು ಮಾವ, ಹುಳಿ ಬಂದಿದೆ." ಮಾವ ಕೂತು ಊಟ ಮುಗಿಸಿದರು. ಏಳುವಾಗ ಅಂದರು, "ನಾಳೆಯಿಂದ ನೀನೂ ನಿನ್ನ ಡಬ್ಬಿ ತಗೊಂಡು ಬಾ."

ಮೊದಲ ಚೀಲ ಮುಗಿಯಿತು, ಏನೂ ಇಲ್ಲ. ಬೆರಳ ತುದಿಗಳು ಒಣಗಿ ಬಿರುಕು ಬಿಡುವ ಹಾಗಾಗಿದ್ದವು. ಕತ್ತರಿಸಿದ ಮರುದಿನ ಒಳರಟ್ಟಿಗೆ ಹಾಳೆ ಅಂಟಿಸಲು ಪುಸ್ತಕ ತಿರುವಿದಾಗ ಅವಳಿಗೆ ಗೊತ್ತಾಗಿತ್ತು. ಹಾಳೆಯ ಹೊಸ ಅಂಚಿನಲ್ಲಿ ಪೆನ್ಸಿಲ್ ಅಕ್ಷರಗಳ ಬಾಲಗಳು ಉಳಿದಿದ್ದವು, ಬಾಗಿಲಿಗೆ ಸಿಕ್ಕಿಕೊಂಡ ಸೆರಗಿನ ಚುಂಗಿನಂತೆ. ಯಾರೋ ಪುಟದ ತೀರ ತುದಿಯಲ್ಲಿ, ಉದ್ದಕ್ಕೆ, ಅಚ್ಚಿಗೆ ಅಡ್ಡಿಯಾಗದಂತೆ ಸಂಕೋಚದಿಂದ ಬರೆದಿದ್ದರು. ಅಂಥ ಹಾಳೆಗಳನ್ನು ಎಣಿಸಿದಳು. ಇಪ್ಪತ್ತಾರು. ಆಗಲೇ ಚೀಲಗಳನ್ನು ಬಗೆಯಬಹುದಿತ್ತು. ಬಗೆಯಲಿಲ್ಲ. ಹಳೆಯ ಗೀಚು, ಯಾರದೋ ಏನೋ, ಅವರಿಗೇ ನೆನಪಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅಂಟು ಬಳಿದಳು. ಮೂರನೆಯ ದಿನ ದಾದಮ್ಮ ಬಂದರು. ಹೆರಿಗೆ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದಾದಿಯಾಗಿದ್ದು ನಿವೃತ್ತರಾದವರು, ಎರಡೂ ಕಣ್ಣಿಗೆ ಪೊರೆ. ಅಂಗಡಿಯ ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡು ಹತ್ತಿದರು. ಹೊಸ ರಟ್ಟನ್ನು ಅಂಗೈಯಿಂದ ಸವರಿ, "ಚೆನ್ನಾಗಿ ಕಟ್ಟಿದ್ದೀಯ ಮಗಳೇ. ಅಂಚಲ್ಲಿ ನಾನು ಬರೆದಿದ್ದೆಲ್ಲ ಹಾಗೇ ಇದೆ ತಾನೆ?" ಅಂದರು.

"ಇದೆ ದಾದಮ್ಮ."

ಎಷ್ಟು ಸಲೀಸಾಗಿ ಬಂತು ಆ ಮಾತು. ಗಿರಾಕಿಗಳಿಗೆ ನಾಳೆ ಕೊಡ್ತೀನಿ, ನಾಳಿದ್ದು ಖಂಡಿತ ಎಂದು ಹೇಳಿ ಹೇಳಿ ಪಳಗಿದ ನಾಲಿಗೆ. ದಾದಮ್ಮ ಹಾಗೇ ಹೋಗಿದ್ದರೆ ಬಹುಶಃ ಮರೆತೇಬಿಡುತ್ತಿದ್ದಳು. ಆದರೆ ಅವರು ಮೆಟ್ಟಿಲ ಹತ್ತಿರ ನಿಂತು, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಕೇಳದಿದ್ದರೂ ಹೇಳಿದರು. "ಅದು ಗೀಚಲ್ಲ ಕಣೇ. ಬದುಕದೇ ಹೋದ ಮಕ್ಕಳು. ನನ್ನ ಕೈಗೆ ಬಂದು, ಹೆಸರಿಡೋ ಮೊದಲೇ ಹೋದವು. ಆಸ್ಪತ್ರೆ ಪುಸ್ತಕದಲ್ಲಿ ಒಂದು ಗೆರೆ ಹೊಡೆದು ಬಿಡ್ತಾರೆ, ಅಷ್ಟೆ. ಅವಕ್ಕೋಸ್ಕರ ಬೇಡಿಕೊಳ್ಳೋಕೆ ಯಾರಾದ್ರೂ ಬೇಕಲ್ಲ, ಅದಕ್ಕೆ ಒಂದೊಂದು ಪ್ರಾರ್ಥನೆ ಪಕ್ಕ ಒಂದೊಂದನ್ನ ಬರೆದಿಟ್ಟೆ. ಮುಂದಿನ ವಾರ ಕಣ್ಣು ಬಿಡಿಸ್ತಾರಂತೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ನೋಡೋದು ಇದನ್ನೇ." ಅವರು ಹೋದ ಮೇಲೆ ರಟ್ಟಿನಕ್ಕ ಅಂಟಿನ ಬಟ್ಟಲಿಗೆ ಕುಂಚ ಅದ್ದಿ, ಬಳಿಯಬೇಕಾದ್ದು ಯಾವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು. ಎಂಟು ದಿನ ಕಳೆದವು. ಎಂಟೂ ದಿನ ಆ ಚೀಲಗಳನ್ನು ಸುತ್ತಿ ಬಳಸಿ ಓಡಾಡಿದಳು, ಮಲಗಿದವರ ಕಾಲು ತುಳಿಯದಂತೆ ಓಡಾಡುವ ಹಾಗೆ.

ಈಗ ಎರಡನೆಯ ಚೀಲಕ್ಕೆ ಕೈ ಹಾಕುತ್ತ ಅವಳನ್ನು ಕುಟುಕಿದ್ದು ತಪ್ಪಲ್ಲ, ತಪ್ಪಿನ ಆಚೆಗಿನದು. ಎಂಟು ದಿನ ಸುಮ್ಮನಿದ್ದವಳು ಇವತ್ತು ಯಾಕೆ ಕೂತೆ? ನಾಳೆ ಅವರಿಗೆ ಕಣ್ಣು ಬರುತ್ತದೆ ಎಂದಲ್ಲವೇ? ಪೊರೆ ಹಾಗೇ ಇದ್ದಿದ್ದರೆ, ಇನ್ನು ಕಣ್ಣು ಬರುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರೆ, ನೀನು ಈ ನೆಲದ ಮೇಲೆ ಕೂರುತ್ತಿದ್ದೆಯಾ? ಈ ಪ್ರಶ್ನೆಗೆ ಉತ್ತರ ಹುಡುಕಲು ಅವಳಿಗೆ ಧೈರ್ಯವಿರಲಿಲ್ಲ. ದೊಡ್ಡ ಮಾತಿನ ಪ್ರಾರ್ಥನೆಗಳು ಅವಳಿಗೆ ಬರುತ್ತಿರಲಿಲ್ಲ. ಅಂಗಡಿಯ ಕೆಲಸದ ನಡುವೆ ದೇವರೊಂದಿಗೆ ಅಕ್ಕಪಕ್ಕದವರೊಂದಿಗೆ ಮಾತಾಡುವಂತೆ ಮಾತಾಡುತ್ತಿದ್ದಳು. ಈಗಲೂ ಮನಸ್ಸಿನಲ್ಲೇ ಅಂದಳು: ಹೆದರಿ ಹುಡುಕುತ್ತಿದ್ದೇನೋ, ನೊಂದು ಹುಡುಕುತ್ತಿದ್ದೇನೋ ನಿನಗೆ ಗೊತ್ತು. ನನಗೆ ಹೇಳಬೇಡ. ಸಿಗುವ ಹಾಗೆ ಮಾತ್ರ ಮಾಡು.

ಹತ್ತು ಗಂಟೆಗೆ ಮಾವ ಬಂದರು. ಎಂಬತ್ತು ದಾಟಿದ ಮೇಲೂ ದಿನಾ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ; ಕೈ ನಡುಗುವುದರಿಂದ ಕೆಲಸವಿಲ್ಲ, ಬಾಯಿ ನಡುಗದಿರುವುದರಿಂದ ಬಿಡುವೂ ಇಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಅವರ ಮೂಗನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಜೀವನವೆಲ್ಲ ಮೂಗಿನಿಂದಲೇ ಅಂಟು, ಕಾಗದ, ಹುಳು ಎಲ್ಲವನ್ನೂ ಅಳೆದವರು, ಈಗ ಹಾಲು ಕೆಟ್ಟಿದ್ದೂ ತಿಳಿಯದೆ ಕುಡಿದುಬಿಡುತ್ತಿದ್ದರು. ಅದಕ್ಕೇ ಅಂಗಡಿಗೆ ಬಂದ ಪ್ರತಿ ಪುಸ್ತಕವನ್ನೂ ಸೊಸೆ ಮೂಸಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಪತ್ರಿಕೆ ಓದಿಸಿಕೊಂಡ ಹಾಗೆ.

"ಇದೇನಮ್ಮ, ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದೀಯ?"

"ಒಂದು ಕಾಗದ ಹುಡುಕ್ತಿದ್ದೀನಿ ಮಾವ."

"ಎಂಥ ಕಾಗದ?" ಅವಳು ಮುಂದಿನ ಹಿಡಿಗೆ ಕೈ ಹಾಕಿದಳು. ಮಾವ ಬಿಡಲಿಲ್ಲ. "ಸರಿ, ಹೇಳಬೇಡ. ಕೈಯಲ್ಲಿರೋದು ಹೇಗಿದೆ, ಅದಾದ್ರೂ ಹೇಳು."

ಅವಳು ಕೈಯಲ್ಲಿದ್ದ ಹಿಡಿಯನ್ನು ಮೂಗಿಗೆ ತಂದಳು. "ಲೈಬ್ರರಿದು. ಮೇಲಿನ ಅಟ್ಟದ್ದು ಅನ್ಸುತ್ತೆ. ಬಿಸಿಲು ಬಿದ್ದು ಬಿದ್ದು ಹುರಿದ ಹಾಗಾಗಿದೆ. ಒಳಗೆ ಸ್ವಲ್ಪ ಸಿಹಿ ಇದೆ."

"ಹಳೇ ಕಾಗದ ಸಾಯೋ ಮೊದಲು ಸಿಹಿ ಆಗುತ್ತೆ," ಅಂದರು ಮಾವ, ತೃಪ್ತಿಯಿಂದ. "ನನ್ನ ಮೂಗು ಹೋಗೋಕೆ ಮೊದಲು ನಿಮ್ಮತ್ತೆ ಕೂಡ ನನಗೆ ಹಾಗೇ ಅನ್ಸ್ತಿದ್ಲು. ಜೀವ ಇದ್ದಾಗ ಅಂದಿದ್ರೆ ಸೌಟಲ್ಲಿ ಬಾರಿಸ್ತಿದ್ಲು, ಆ ಮಾತು ಬೇರೆ."

ಅವಳಿಗೆ ನಗು ಬಂತು, ನಕ್ಕಿದ್ದಕ್ಕೆ ಮತ್ತೆ ಕುಟುಕಿತು. ಎರಡನೆಯ ಚೀಲ ತಳ ಕಂಡಿತು. ಮೂರನೆಯದರ ಬಾಯಿ ಬಿಚ್ಚಿ, ಹಿಡಿ ಹಿಡಿಯಾಗಿ ತೆಗೆಯುವಷ್ಟು ಸಹನೆ ಉಳಿಯದೆ, ಮಂಡಿಯೂರಿ ತಲೆಯನ್ನೇ ಒಳಗೆ ಹಾಕಿದಳು. ಕತ್ತಲೆ, ಗೋಣಿನಾರು, ಧೂಳು. ಲೈಬ್ರರಿ, ಲೈಬ್ರರಿ, ದಫ್ತರ, ಶಾಲೆಯ ಹೊಸ ಪುಸ್ತಕದ ಸೀಮೆಎಣ್ಣೆ. ಆಮೇಲೆ, ತೀರ ಎಡಗಡೆಗೆ, ಇದ್ದೂ ಇಲ್ಲದ ಹಾಗೆ, ಸಾಬೂನು. ಅವಳು ಉಸಿರು ಹಿಡಿದಳು. ವಾಸನೆಯನ್ನು ಬೆನ್ನಟ್ಟಿದರೆ ಓಡುತ್ತದೆ, ನಿಂತರೆ ತಾನೇ ಹತ್ತಿರ ಬರುತ್ತದೆ. ನಿಂತಳು. ಸಾಬೂನು, ಅದರ ಹಿಂದೆ ಸ್ಪಿರಿಟ್ಟು, ಅದರ ಹಿಂದೆ ಒಣಹುಲ್ಲು.

"ಅಕ್ಕಾ, ಮೇವು ಹೇಗಿದೆ?"

ಹಿಂದಿನಿಂದ ಬಂದ ದನಿ ರದ್ದಿಯವನದು. ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಎದುರಿನ ಅಂಗಡಿಯ ದರ್ಜಿಯೂ ಹೊಲಿಗೆ ನಿಲ್ಲಿಸಿ ಕತ್ತು ಚಾಚಿದ್ದ. ಐವತ್ತು ದಾಟಿದ ಹೆಂಗಸು ಅಂಗಡಿಯ ನಡುವೆ ಮಂಡಿಯೂರಿ, ತಲೆ ಗೋಣಿಯೊಳಗೆ, ಬೆನ್ನು ಬೀದಿಗೆ. ಅವಳು ತಲೆ ಹೊರಗೆ ತೆಗೆದಾಗ ಕೂದಲಿಗೆಲ್ಲ ಕಾಗದದ ಚೂರು. ದರ್ಜಿ ಜೋರಾಗಿ ನಕ್ಕ. ನಲವತ್ತು ಮಕ್ಕಳ ಅಂಬಾ ಕಿವಿಯಲ್ಲಿ ಎದ್ದು, ಅದಾಗಿಯೇ ಅಡಗಿತು. ಈ ಸಲ ಅಡಗಲು ಪುಸ್ತಕವಿರಲಿಲ್ಲ.

"ಮಧ್ಯಾಹ್ನ ಬರ್ತೀನಿ ಅಂದಿದ್ದೆಯಲ್ಲಪ್ಪ. ಇನ್ನೂ ಹನ್ನೊಂದೂವರೆ."

"ಕಾರ್ಖಾನೆಯವರು ಇವತ್ತು ಬೇಗ ಬಾಗಿಲು ಹಾಕ್ತಾರಂತೆ. ಎತ್ತಲಾ?"

"ಆ ಮೂರು ಎತ್ತು. ಇದನ್ನ ಬಿಡು."

"ನಾಲ್ಕು ಚೀಲ ಅಂತ ಕರೆದು ಮೂರು ಕೊಟ್ರೆ ಹೇಗಕ್ಕಾ? ಏನಿದೆ ಇದರೊಳಗೆ, ಒಡವೆ ಕಳ್ಕೊಂಡ್ಯಾ?"

"ನಂದಲ್ಲ. ಬೇರೆಯವರದು," ಅಂದಳು. ಹೇಳಿದ ದನಿಯಲ್ಲಿ ಏನಿತ್ತೋ, ರದ್ದಿಯವನು ಮತ್ತೆ ಹಾಸ್ಯ ಮಾಡಲಿಲ್ಲ. ಎರಡು ಚೀಲದ್ದನ್ನು ಚಾದರದಿಂದ ಮತ್ತೆ ತುಂಬಿ, ಬಗೆಯದೇ ಉಳಿದಿದ್ದ ನಾಲ್ಕನೆಯದನ್ನೂ ಹೊತ್ತುಕೊಂಡ. ಅವಳು ಅದನ್ನು ನೋಡಿದಳು. ತಡೆಯಬಹುದಿತ್ತು. ಮೂಗಿಗೆ ಸಿಕ್ಕ ಎಳೆ ತಪ್ಪಿಹೋದೀತೆಂಬ ಭಯದಲ್ಲಿ ತಡೆಯಲಿಲ್ಲ. ಗಾಡಿ ಹೋದ ಮೇಲೆ ಮೂರನೆಯ ಚೀಲವನ್ನು ಚಾದರದ ಮೇಲೆ ಮಗುಚಿ, ಆ ಎಡಗಡೆಯ ಮುದ್ದೆಯನ್ನು ಬಿಡಿಸಿದಳು. ಹಳದಿ ಪಟ್ಟಿಗಳು, ಒಂದರ ಮೇಲೊಂದು, ಬಹುಪಾಲು ಖಾಲಿ. ಹತ್ತನೆಯದರ ಮೇಲೆ ಬೂದುಬಣ್ಣದ ಪೆನ್ಸಿಲ್ಲು. ಮಂಗಳವಾರ. ಗಂಡು. ಅಳಲಿಲ್ಲ. ಬಲಗಿವಿಯ ಹಿಂದೆ ಮಚ್ಚೆ.

ಓದಬಾರದಾಗಿತ್ತೇನೋ. ಓದಿದ ಮೇಲೆ ಮುಂದಿನದನ್ನು ಓದದೆ ಇರಲಾಗಲಿಲ್ಲ. ಬೆಳಗಿನ ಜಾವ. ಹೆಣ್ಣು. ಉಗುರು ಪೂರ್ತಿ ಬೆಳೆದಿತ್ತು. ಮತ್ತೊಂದು: ಅವಳಿಗಳಲ್ಲಿ ಎರಡನೆಯದು. ಮೊದಲನೆಯದು ಚೆನ್ನಾಗಿದೆ. ಮತ್ತೊಂದರಲ್ಲಿ ಬರೀ, ತಾಯಿಗೆ ತೋರಿಸಲು ಬಿಡಲಿಲ್ಲ, ನಾನು ನೋಡಿದೆ, ತುಂಬಾ ಚೆನ್ನಾಗಿತ್ತು. ಅಕ್ಷರಗಳು ಅವಸರದವು, ಮುಂದಿನ ಹೆರಿಗೆಗೆ ಕರೆ ಬರುವುದರೊಳಗೆ, ಗೋಡೆಗೆ ಪುಸ್ತಕ ಆನಿಸಿ ಬರೆದಂಥವು. ಕತ್ತಿಯ ಅಂಚು ಕೆಲವಕ್ಕೆ ಬಾಲ ಕಡಿದಿತ್ತು, ಅಷ್ಟೆ, ಮಾತು ಉಳಿದಿತ್ತು. ಒಂದು ಗಂಟೆಯ ಹೊತ್ತಿಗೆ ಇಪ್ಪತ್ತೈದು ಪಟ್ಟಿ ಸಿಕ್ಕವು. ಇಪ್ಪತ್ತಾರನೆಯದಕ್ಕಾಗಿ ಉಳಿದದ್ದನ್ನೆಲ್ಲ ಎರಡು ಸಲ ತಿರುವಿದಳು. ಇರಲಿಲ್ಲ. ನಾಲ್ಕನೆಯ ಚೀಲದಲ್ಲಿತ್ತೋ, ಕಸಬರಿಗೆಯಲ್ಲಿ ಬೀದಿಗೆ ಹೋಗಿತ್ತೋ.

ಅವಳು ಎದ್ದು ಕಿಟಕಿಯ ಹತ್ತಿರ ಮಾವನ ಮುಂದೆ ನಿಂತು, ಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡೇ, ಹೇಳಿದಳು. ಹೊಸ ಪುಸ್ತಕ ಮುಖಕ್ಕೆ ಹಿಡಿದುಕೊಂಡಿದ್ದನ್ನೂ, ಹಿಡಿ ಎಳೆದಿದ್ದನ್ನೂ, ಇದೆ ದಾದಮ್ಮ ಎಂದಿದ್ದನ್ನೂ. "ಮೂಗು ಒಂದು ಕಡೆ, ಕೈ ಒಂದು ಕಡೆ ಆಗಿಹೋಯ್ತು ಮಾವ."

ಮಾವ ಕಿಟಕಿಯಾಚೆ ನೋಡುತ್ತ ಕೂತಿದ್ದರು. "ಬಿಡಿಸಿ ನೋಡಬೇಕು ಅಂತ ನಾನು ನಿಂಗೆ ಯಾಕೆ ಅಷ್ಟು ಬಡ್ಕೋತಿದ್ದೆ ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಇಲ್ಲ."

"ನಿನ್ನ ಗಂಡ ಇನ್ನೂ ತೊಟ್ಟಿಲಲ್ಲಿದ್ದ. ಒಬ್ಬ ಹಾಡುಗಾರ ಅವರಪ್ಪನ ಹಾಡಿನ ಪುಸ್ತಕ ತಂದುಕೊಟ್ಟ. ಮೇಲಿನ ಅಂಚಲ್ಲಿ ರಾಗದ ಗುರುತು ಹಾಕಿದ್ರು. ನಾನು ಬೋಳಿಸಿಬಿಟ್ಟೆ. ಅವನು ಬಂದು, ಎಷ್ಟು ಅಂದವಾಗಿ ಕಟ್ಟಿದ್ದೀರಿ ಅಂತ ಹೊಗಳಿ, ಬಿಡಿಸದೇನೇ ಬಗಲಿಗೆ ಇಟ್ಕೊಂಡು ಹೋದ. ಬೆನ್ನು ಕಾಣೋವರೆಗೂ ಕರೆಯೋಣ ಅಂದುಕೊಂಡೆ. ತಿರುವು ದಾಟಿದ." ಮಾವ ಮಂಡಿ ಒತ್ತಿಕೊಂಡರು. "ಮಳೆಗಾಲ ಕಳೆಯೋದ್ರೊಳಗೆ ಅವನು ಹೋಗಿಬಿಟ್ಟ ಅಂತ ಸುದ್ದಿ ಬಂತು. ನೀನು ಊಟಗೀಟ ಅಂತ ಕೂರಬೇಡ. ಹೋಗು. ತೆಳು ಕಾಗದ, ಸಣ್ಣ ಕುಂಚ, ಗಂಜಿ ಅಂಟು ತಗೊಂಡು ಹೋಗು."

ದಾದಮ್ಮನ ಮನೆ ಎರಡು ಬೀದಿಯಾಚೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ಮಂಚದ ಮೇಲೆ ನಾಳೆ ಆಸ್ಪತ್ರೆಗೆ ಒಯ್ಯುವ ಸೀರೆ, ಟವೆಲು, ಸಾಬೂನಿನ ಡಬ್ಬಿ ಸಾಲಾಗಿ ಮಡಿಸಿಟ್ಟಿದ್ದವು; ತಲೆದಿಂಬಿನ ಪಕ್ಕ ಅವಳೇ ಕಟ್ಟಿದ ಪುಸ್ತಕ. "ಯಾರು, ರಟ್ಟಿನಕ್ಕನಾ? ಗಂಜಿ ವಾಸನೆ ಬಂತು, ಅಂದುಕೊಂಡೆ. ಬಾ, ಕೂತ್ಕೋ." ಅವಳು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಬಾಗಿಲ ಹೊರಗೇ ಚಪ್ಪಲಿಯ ಜೊತೆ ಉಳಿದುಬಿಟ್ಟಿದ್ದವು. "ದಾದಮ್ಮ, ಅವತ್ತು ನಾನು ಸುಳ್ಳು ಹೇಳಿದೆ. ಅಂಚಲ್ಲಿ ಬರೆದಿದ್ದು ಇಲ್ಲ. ನಾನು ಕತ್ತರಿಸಿಬಿಟ್ಟಿದ್ದೀನಿ. ನೋಡದೇ ಕತ್ತರಿಸಿದೆ, ಗೊತ್ತಾದ ಮೇಲೂ ಹೇಳಲಿಲ್ಲ."

ದಾದಮ್ಮನ ಮುಖದ ಮೇಲಿದ್ದ ನಗು ತಕ್ಷಣ ಹೋಗಲಿಲ್ಲ. ಹೋಗಬೇಕೆಂದು ಅದಕ್ಕೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ನೀಡಿ ಪುಸ್ತಕವನ್ನು ಎಳೆದುಕೊಂಡು, ತೆರೆದು, ಬೆರಳಿನಿಂದ ಒಂದು ಹಾಳೆಯ ತುದಿಯನ್ನು ಹುಡುಕಿದರು. ಮತ್ತೊಂದು ಹಾಳೆ. ಮತ್ತೊಂದು. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ನೀರು ಬೀಳುವ ಸದ್ದು, ಬಹಳ ಹೊತ್ತು. ಕೈ ತೊಳೆಯುತ್ತಿದ್ದಾರೋ, ಮುಖವೋ, ಬರೀ ನೀರು ಬಿಟ್ಟು ನಿಂತಿದ್ದಾರೋ. ರಟ್ಟಿನಕ್ಕ ನಿಂತಲ್ಲೇ ನಿಂತಿದ್ದಳು. ಬೈದುಬಿಟ್ಟರೆ ಚೆನ್ನ ಎಂದುಕೊಂಡಳು. ಹಾಗೆಂದುಕೊಂಡದ್ದೂ ತನ್ನ ಸುಖಕ್ಕಾಗಿಯೇ ಎಂದು ಹೊಳೆಯಿತು.

ಹೊರಗೆ ಬಂದವರು ಕುರ್ಚಿಯಲ್ಲಿ ಕೂತು ಹೇಳಿದರು, "ಕಾಗದ ಸಿಕ್ಕಿತಾ?"

"ಇಪ್ಪತ್ತೈದು ಸಿಕ್ಕವು. ಒಂದು ಸಿಗಲಿಲ್ಲ."

"ಓದು."

ಅವಳು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಮೊದಲಿನ ಎರಡು ಮೂರು ಶಬ್ದ ಓದುತ್ತಲೇ ದಾದಮ್ಮ ಉಳಿದದ್ದನ್ನು ಹೇಳಿಬಿಡುತ್ತಿದ್ದರು, ತಾರೀಖು ಸಮೇತ, ಬರೆಯದೇ ಬಿಟ್ಟದ್ದನ್ನೂ ಸೇರಿಸಿ. ಆ ತಾಯಿ ಆಮೇಲೆ ಮೂರು ಹೆತ್ತಳು. ಅವತ್ತು ಕರೆಂಟು ಹೋಗಿತ್ತು. ಆ ಅಪ್ಪ ಮೆಟ್ಟಿಲ ಮೇಲೆ ಕೂತೇ ಇದ್ದ, ಏಳಲೇ ಇಲ್ಲ. ಹದಿನಾಲ್ಕನೆಯ ಪಟ್ಟಿ ಹಿಡಿದು ರಟ್ಟಿನಕ್ಕ ತಡವರಿಸಿದಳು.

"ಯಾಕೆ ನಿಲ್ಲಿಸಿದೆ?"

"ಇದರಲ್ಲಿ... ಶನಿವಾರ, ಸೂಜಿ, ದಾರ, ಹಿತ್ತಾಳೆ ಉಜ್ಜೋ ಬ್ರಾಸೋ ಡಬ್ಬಿ ಅಂತಿದೆ."

ದಾದಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದರು. "ಅಯ್ಯೋ, ಅದು ಸಾಮಾನಿನ ಚೀಟಿ. ಕಾಗದ ಸಿಗದೇ ಬರ್ಕೊಂಡಿರ್ಬೇಕು. ನೋಡು, ಕಣ್ಣು ಮಂಜಾದಾಗಿಂದ ಆ ಪುಟ ಬಂದಾಗಲೆಲ್ಲ ಯಾವ ಮಗು ಇದು ಅಂತ ನೆನಪಾಗದೇ, ಒಟ್ಟಾರೆ ಒಂದು ಮಗು ಅಂತ ಬೇಡ್ಕೋತಿದ್ದೆ." ಅವರ ಭುಜ ಅಲುಗಿತು. ನಗುತ್ತಿದ್ದಾರೆಂದು ಅವಳಿಗೆ ತಿಳಿಯುವಷ್ಟರಲ್ಲಿ ಅವಳೂ ನಗುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತ. "ಇರಲಿ ಬಿಡು. ಬೇಡಿಕೊಂಡಿದ್ದು ಯಾರಿಗೋ ಒಬ್ಬರಿಗೆ ಮುಟ್ಟಿರುತ್ತೆ. ಸಿಗದೇ ಹೋದದ್ದು ಯಾವ ಪುಟದ್ದು?"

ಅವಳು ಪುಸ್ತಕ ತೆಗೆದುಕೊಂಡು, ಹಾಳೆಗಳಲ್ಲಿ ಉಳಿದ ಬಾಲಗಳಿಗೆ ಪಟ್ಟಿಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದಳು. "ಪ್ರಯಾಣ ಹೊರಟವರಿಗಾಗಿ ಅಂತ ಇದೆಯಲ್ಲ, ಆ ಪ್ರಾರ್ಥನೆ ಪಕ್ಕದ್ದು."

ದಾದಮ್ಮ ತಮ್ಮ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಹೆಣ್ಣು," ಅಂದರು. "ಎರಡು ಗಂಟೆ ಹೊತ್ತು ಇತ್ತು. ನನ್ನ ಬೆರಳು ಹಿಡ್ಕೊಂಡಿತ್ತು. ನನಗೆ ಎಲ್ಲಾ ಬಾಯಿಗೆ ಬರುತ್ತೆ ಕಣೇ, ನನಗೆ ಬರಹ ಬೇಕಿಲ್ಲ. ಆದ್ರೆ ನಾನೇ ಹೋದ ಮೇಲೆ? ಪುಸ್ತಕ ಯಾರ ಕೈಗಾದ್ರೂ ಸೇರುತ್ತಲ್ಲ, ಅವರು ಓದ್ಲಿ ಅಂತ." ಮತ್ತೆ ಕೇಳಿದರು, "ಇವನ್ನ ವಾಪಸ್ಸು ಅಂಟಿಸೋಕೆ ಬರುತ್ತಾ?"

"ಬರುತ್ತೆ. ಆದ್ರೆ ಅಂಟಿಸಿದ್ದು ಗೊತ್ತಾಗುತ್ತೆ ದಾದಮ್ಮ. ರಟ್ಟಿನಿಂದ ಆಚೆ ಬರುತ್ತೆ. ಪುಸ್ತಕ ಚೆನ್ನಾಗಿ ಕಾಣಲ್ಲ."

"ಕಾ​ಣದಿದ್ರೆ ಬೇಡ, ಅಂಟಿಸು."

ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಅವಳು ಕೆಲಸಕ್ಕೆ ತೊಡಗಿದಳು. ಪ್ರತಿ ಹಾಳೆಯನ್ನೂ ತುದಿಯವರೆಗೆ ಬಿಡಿಸಿ, ಉಳಿದ ಬಾಲಗಳಿಗೆ ಪಟ್ಟಿಯ ಅಕ್ಷರಗಳನ್ನು ಕೂಡಿಸಿ, ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ ಬೆನ್ನಿಗೆ ಹಚ್ಚಿ, ಉಗುರಿನಿಂದ ಒತ್ತಿ, ಅಂಟು ಹೀರುವವರೆಗೆ ಕಾದು, ಮುಂದಿನದು. ಸಾಮಾನಿನ ಚೀಟಿಯನ್ನೂ ಅದರ ಜಾಗದಲ್ಲಿ ಅಂಟಿಸಿದಳು. ಮನಸ್ಸು ಬೆಳಗಿನ ಪ್ರಶ್ನೆಯ ಹತ್ತಿರ ಹೋಗಿ ಬಂತು. ಹೆದರಿದ್ದೋ ನೊಂದಿದ್ದೋ ಈಗಲೂ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದರೂ ಕೈ ಮಾಡುವ ಕೆಲಸ ಒಂದೇ ಆಗಿತ್ತು. ಪ್ರಯಾಣದ ಪ್ರಾರ್ಥನೆಯ ಪುಟಕ್ಕೆ ಬಂದಾಗ ತಾನು ತಂದಿದ್ದ ಬಿಳಿ ಕಾಗದದಿಂದ ಒಂದು ಪಟ್ಟಿ ಕತ್ತರಿಸಿದಳು. ದಾದಮ್ಮ ಹೇಳಿದ ಮೂರು ಮಾತನ್ನು ಪೆನ್ಸಿಲ್ಲಿನಿಂದ ಬರೆದು, ಓದಿ ತೋರಿಸಿ, ಅಂಟಿಸಿದಳು.

"ಕೊಡು ಇಲ್ಲಿ, ಆ ಪುಟ," ಎಂದು ದಾದಮ್ಮ ಬಗ್ಗಿ ಮೂಗು ಹತ್ತಿರ ತಂದರು. ಪಕ್ಕದ ಪುಟವನ್ನೂ ಮೂಸಿದರು, ಮತ್ತೆ ಇದಕ್ಕೆ ಬಂದರು. "ಇದೊಂದು ಎಳೇದು," ಅಂದರು.

ಬಿಸಿಲು ಗೋಡೆಯ ಮೇಲಕ್ಕೆ ಏರುವ ಹೊತ್ತಿಗೆ ಕೊನೆಯ ಅಂಟು ಒಣಗಿತು. ಅವಳು ಪುಸ್ತಕ ಮುಚ್ಚಿ ನೋಡಿದಳು. ಹೊಸ ರಟ್ಟು ಒಳಗಿನದನ್ನು ಮುಚ್ಚಲಾರದೆ ಹೋಗಿತ್ತು. ಇಪ್ಪತ್ತಾರು ಪಟ್ಟಿಗಳು, ಇಪ್ಪತ್ತೈದು ಹಳದಿ ಒಂದು ಬಿಳಿ, ಒಂದೊಂದು ಒಂದೊಂದು ಅಳತೆಗೆ ಹೊರಗೆ ಇಣುಕುತ್ತಿದ್ದವು. ತನ್ನ ಕೈಯಿಂದ ಇಷ್ಟು ಅಂದಗೇಡಿ ಪುಸ್ತಕ ಯಾವತ್ತೂ ಅಂಗಡಿಯಿಂದ ಆಚೆ ಹೋಗಿರಲಿಲ್ಲ. ಬೆರಳಿಗೆ ಅಂಟಿದ್ದ ಗಂಜಿಯನ್ನು ಸೆರಗಿಗೆ ಒರೆಸಿಕೊಂಡು, ಎದ್ದು ನಿಂತು, ಅದನ್ನು ದಾದಮ್ಮನ ಚಾಚಿದ ಎರಡು ಅಂಗೈಗಳ ಮೇಲೆ ಇಟ್ಟಳು.